ಪಂಕ್ಚರ್ ಅಂಗಡಿಯ ಗಾಳಿ ಮತ್ತು ನನ್ನ ಹುಲ್ಲು ಮೆಷಿನ್ನು

ಮಂಡ್ಯದಿಂದ ಸ್ವಲ್ಪ ಆಚೆ, ಹೆದ್ದಾರಿ ಪಕ್ಕದ ಒಂದು ಕಲ್ಯಾಣ ಮಂಟಪದ ಉಸ್ತುವಾರಿ ನನ್ನದು. ಮುಂದುಗಡೆ ಹತ್ತು ಗುಂಟೆ ಹುಲ್ಲುಹಾಸಿದೆ. ಆರತಕ್ಷತೆ ಸ್ಟೇಜು, ಊಟದ ಕೌಂಟರು, ಫೋಟೋದವರ ಓಡಾಟ ಎಲ್ಲ ಅದರ ಮೇಲೇ. ಹುಲ್ಲು ಕತ್ತರಿಸಲು ತಳ್ಳಿಕೊಂಡು ಹೋಗುವ ಪೆಟ್ರೋಲ್ ಮೆಷಿನ್ನು, ಫೋರ್ ಸ್ಟ್ರೋಕ್. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೆಲಸ. ಬ್ಲೇಡು, ಆಯಿಲ್ಲು, ಪ್ಲಗ್ಗು ಅಂತ ಎಲ್ಲದರ ಮೇಲೂ ಕಣ್ಣಿಟ್ಟಿದ್ದೆ. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಮಾತ್ರ ಡಬ್ಬಿಯೊಳಗೆ ಕೂತಿರುತ್ತಲ್ಲ, ಕಣ್ಣಿಗೆ ಬೀಳುವುದಿಲ್ಲ. ಅದರ ಸುದ್ದಿಗೆ ಹೋದಾಗಲೆಲ್ಲ ನಾನೇ ಕೆಡಿಸಿದೆ.

ಮೊದಲ ಸಲ ಆದದ್ದು ಮಳೆಗಾಲದಲ್ಲಿ. ಹಸಿ ಗರಿಕೆ ಬ್ಲೇಡಿನ ಮೇಲ್ಗಡೆ ಸೆಗಣಿ ಮೆತ್ತಿದ ಹಾಗೆ ಅಂಟಿಕೊಂಡಿತ್ತು. ಕೆರೆಯೋಣ ಅಂತ ಮೆಷಿನ್ನನ್ನು ನನಗೆ ಅನುಕೂಲವಾದ ಮಗ್ಗುಲಿಗೆ ಮಲಗಿಸಿದೆ. ಮಾರನೇ ದಿನ ಹಗ್ಗ ಎಳೆದರೆ ಬಿಳಿ ಹೊಗೆ, ಮಂಟಪವೇ ಕಾಣದಷ್ಟು. ಅಡುಗೆಯವನು ಹಿಂದಿನಿಂದ, "ಏನಣ್ಣ, ಸೊಳ್ಳೆಗೆ ಹೊಗೆ ಬುಡ್ತಿದ್ದೀಯಾ?" ಅಂದ. ಡಬ್ಬಿ ತೆಗೆದು ನೋಡಿದೆ. ಎಂಜಿನ್ ಆಯಿಲ್ ಹರಿದು ಬಂದು ಫಿಲ್ಟರಿನ ಕಾಗದ ಬೋಂಡ ಸುತ್ತಿದ ಪೇಪರಿನ ಹಾಗಾಗಿತ್ತು. ಎಣ್ಣೆ ಕುಡಿದ ಕಾಗದದ ಫಿಲ್ಟರನ್ನು ಉಳಿಸಿಕೊಳ್ಳಲು ದಾರಿ ಇಲ್ಲ, ಎಸೆಯಬೇಕು. ಈಗ ಮಲಗಿಸುವ ಮೊದಲು ಪೆಟ್ರೋಲ್ ಬಂದ್ ಮಾಡಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡುತ್ತೇನೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಫಿಲ್ಟರ್ ಇರುವ ಮಗ್ಗುಲು ಆಕಾಶ ನೋಡಬೇಕು, ಅಷ್ಟೆ.

ಎರಡನೆಯದು ಬೇಸಿಗೆಯದು, ನನ್ನ ಜಾಣತನದ್ದು.

ನಮ್ಮ ಹಿಂದಿನ ಗದ್ದೆ ದಾಟಿದರೆ ಆಲೆಮನೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಾರೆ, ಅದರ ಬೂದಿ ಗಾಳಿಯಲ್ಲಿ ಹಾರಿ ನಮ್ಮ ಹುಲ್ಲಿನ ಮೇಲೆ ಕೂರುತ್ತದೆ. ಇತ್ತ ಹೆದ್ದಾರಿ ಧೂಳು. ಜೊತೆಗೆ ಮದುವೆ ಮುಗಿದ ಮೇಲೆ ಉಳಿಯುವ ಒಣ ಹೂವಿನ ಎಸಳಿನ ಪುಡಿ. ಬ್ಲೇಡು ಫ್ಯಾನಿನ ಹಾಗೆ ಇಷ್ಟನ್ನೂ ಎಬ್ಬಿಸುತ್ತದೆ, ಎಂಜಿನ್ನು ಆ ಮೋಡದ ಮಧ್ಯೆಯೇ ಉಸಿರಾಡಬೇಕು. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ನಮ್ಮಲ್ಲಿ ನೀರು ತುಂಬುವ 200 ಲೀಟರಿನ ಡ್ರಮ್ಮು 45 ಆಯಿತು. ಅಷ್ಟು ಗಾಳಿಯೂ ಅಂಗೈಯಗಲದ ಆ ಕಾಗದವನ್ನು ದಾಟಿಯೇ ಒಳಗೆ ಹೋಗಬೇಕು.

ಫಿಲ್ಟರ್ ಕಟ್ಟಿಕೊಂಡರೆ ಮೆಷಿನ್ನು ತಾನೇ ದೂರು ಹೇಳುತ್ತದೆ. ದಟ್ಟ ಹುಲ್ಲು ಸಿಕ್ಕರೆ ಗುರ್ರೆಂದು ಕುಸಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಪ್ಲಗ್ ಬಿಚ್ಚಿದರೆ ದೀಪದ ಮಸಿ ಹಿಡಿದ ಹಾಗಿರುತ್ತದೆ. ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿಯಾದ ಲಕ್ಷಣ ಅದು. ಅವತ್ತು ನನಗೆ ಇದೆಲ್ಲ ಕಾಣಿಸಿತು. ಫಿಲ್ಟರನ್ನು ಜೇಬಿಗಿಟ್ಟುಕೊಂಡು ಲಾರಿ ಟೈರಿಗೆ ಗಾಳಿ ಹೊಡೆಯುವ ಪಂಕ್ಚರ್ ಅಂಗಡಿಗೆ ಹೋದೆ. ಹುಡುಗ ಪೈಪನ್ನು ಹತ್ತಿರ ಹಿಡಿದು ಸೊಯ್ಯೆಂದು ಬಿಟ್ಟ. ಧೂಳು ಹಾರಿ ಕಾಗದ ಹೊಸದರ ಹಾಗೆ ಬಿಳಿಯಾಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಮೆಷಿನ್ನು ಮೊದಲ ಎಳೆತಕ್ಕೇ ಹತ್ತಿತು. ಹೊಗೆಯಿಲ್ಲ, ಕುಸಿತವಿಲ್ಲ.

ಮೋಸ ಅಲ್ಲೇ ಇದ್ದದ್ದು. ಕಟ್ಟಿದ ಫಿಲ್ಟರ್ ಕೂಗಾಡುತ್ತದೆ. ತೂತಾದದ್ದು ತುಟಿ ಬಿಚ್ಚುವುದಿಲ್ಲ. ಎಂಜಿನ್ನಿಗೆ ಗಾಳಿ ಧಾರಾಳ ಸಿಗುವುದರಿಂದ ಅದು ಖುಷಿಯಾಗೇ ಓಡುತ್ತಿರುತ್ತದೆ. ಮೂರು ತಿಂಗಳಾದ ಮೇಲೆ ಆಯಿಲ್ ಪದೇ ಪದೇ ಇಳಿಯತೊಡಗಿತು, ಹಗ್ಗ ಎಳೆಯುವಾಗ ಕೈಗೆ ಮೊದಲಿನ ಬಿಗಿ ಸಿಗಲಿಲ್ಲ. ಮೆಕ್ಯಾನಿಕ್ ಬಿಚ್ಚಿದಾಗ ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರು, ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಹೋಗಿತ್ತು. "ಮಣ್ಣು ತಿಂದ್ಬುಟ್ಟದೆ ಕನಣ್ಣ ಇದು," ಅಂದ. ನಾನು ಒಪ್ಪಲಿಲ್ಲ, ಫಿಲ್ಟರ್ ಬೆಳ್ಳಗಿದೆಯಲ್ಲ ಅಂತ ವಾದಿಸಿದೆ. ಅವನು ಮಾತಾಡದೆ ಮೊಬೈಲ್ ಟಾರ್ಚನ್ನು ಫಿಲ್ಟರಿನ ಒಳಗೆ ಹಿಡಿದ. ಮಡಿಕೆಗಳ ಮಧ್ಯೆ ಸೂಜಿಮೊನೆಯಷ್ಟು ಅಗಲದ ನಾಲ್ಕೈದು ಚುಕ್ಕಿ ಪಳಪಳ ಹೊಳೆದವು. ವಾದ ಮುಗಿಯಿತು.

ಈಗ ಕಾಗದದ ಫಿಲ್ಟರಿಗೆ ನೀರಿಲ್ಲ, ಎಣ್ಣೆಯಿಲ್ಲ, ಕಂಪ್ರೆಸರ್ ಇಲ್ಲ. ಎಂಜಿನ್ ಆರಿದ ಮೇಲೆ ಮೊದಲು ಡಬ್ಬಿಯ ಹೊರಗಿನ ಧೂಳು ಒರೆಸುತ್ತೇನೆ, ಇಲ್ಲದಿದ್ದರೆ ಮುಚ್ಚಳ ತೆಗೆಯುವಾಗ ಅದೇ ಒಳಗೆ ಉದುರುತ್ತದೆ. ಫಿಲ್ಟರನ್ನು ಜಗಲಿ ಕಲ್ಲಿಗೆ ನಾಲ್ಕು ಸಲ ಮೆಲ್ಲಗೆ ತಟ್ಟುವುದು, ಟಾರ್ಚ್ ಹಿಡಿದು ನೋಡುವುದು, ವಾಪಸ್ ಹಾಕುವುದು. ಬಣ್ಣ ಸ್ವಲ್ಪ ಮಾಸಿದ್ದರೆ ಮಾಸಿರಲಿ. ಒಂದು ತೆಳುಪದರ ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ. ಬೆಳಕು ಮಂಕಾಗಿ ಎಲ್ಲೂ ಹಾಯದಿದ್ದರೆ ಬದಲಾಯಿಸುತ್ತೇನೆ. ಚುಕ್ಕಿ ಕಂಡರಂತೂ ಅವತ್ತೇ.

ನಮ್ಮ ಮೆಷಿನ್ನಿನಲ್ಲಿ ಕಾಗದದ ಸುತ್ತ ಒಂದು ಸ್ಪಂಜಿನ ಪಟ್ಟಿಯೂ ಇದೆ, ದಪ್ಪ ಕಸವೆಲ್ಲ ಅದಕ್ಕೇ ಸಿಗುತ್ತದೆ. ಅದನ್ನು ಮಾತ್ರ ತೊಳೆಯಬಹುದು. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡು. ಬಟ್ಟೆಯ ಹಾಗೆ ಹಿಂಡಿ ತಿರುಚಿದರೆ ಹರಿಯುತ್ತದೆ, ಅಂಗೈಗಳ ಮಧ್ಯೆ ಒತ್ತಬೇಕು. ಪೆಟ್ರೋಲಿನಲ್ಲಿ ಅದ್ದುವವರನ್ನು ನೋಡಿದ್ದೇನೆ. ಸ್ಪಂಜೂ ಹಾಳು, ಬೆಂಕಿಗೂ ಆಹ್ವಾನ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ನಾಲ್ಕೈದು ಹನಿ ಎಂಜಿನ್ ಆಯಿಲ್ ಸವರಿ, ಬಟ್ಟೆಯಲ್ಲಿ ಸುತ್ತಿ ಒತ್ತಿ ಹೆಚ್ಚಿನದನ್ನು ತೆಗೆಯುತ್ತೇನೆ. ಇದೂ ಎಲ್ಲ ಮೆಷಿನ್ನಿಗೂ ಒಂದೇ ಅಲ್ಲ. ಕೆಲವದರಲ್ಲಿ ಹೊರಪಟ್ಟಿ ಒಣಗಿಯೇ ಇರಬೇಕು, ಕೈಪಿಡಿ ನೋಡಿಕೊಳ್ಳಿ. ಆ ಕೈಪಿಡಿಗಳಲ್ಲಿ ಸ್ಪಂಜಿಗೆ 25 ಗಂಟೆ, ಕಾಗದಕ್ಕೆ 100 ಗಂಟೆ ಎಂಬಂಥ ಲೆಕ್ಕ ಇರುತ್ತದೆ, ಧೂಳಿದ್ದರೆ ಬೇಗ ಅಂತಲೂ ಇರುತ್ತದೆ. ವಾರಕ್ಕೆ ಒಂದೂವರೆ ಗಂಟೆ ಓಡಿಸುವ ನನಗೆ 25 ಗಂಟೆ ಅಂದರೆ ನಾಲ್ಕು ತಿಂಗಳು. ಆಲೆಮನೆಯ ಹೊಗೆ ನಮ್ಮ ಕಡೆ ತಿರುಗಿರುವಾಗ ಅಷ್ಟು ಕಾಯುವುದು ಸಾಧ್ಯವೇ ಇಲ್ಲ. ಆಗ ಆರೇಳು ವಾರಕ್ಕೇ ತೊಳೆಯುತ್ತೇನೆ.

ರಿಂಗ್ ಹಾಕಿಸಿದ ಮೇಲೂ ಒಂದು ತಪ್ಪು ಮಾಡಿದೆ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ ಫಿಲ್ಟರ್ ತಂದೆ. ನೋಡಲು ಅದೇ ಥರ. ಹಾಕಿದಾಗ ಸ್ವಲ್ಪ ಅಲುಗಾಡಿತು, ಮುಚ್ಚಳ ಕೂತರೆ ಸರಿಹೋಗುತ್ತೆ ಅಂದುಕೊಂಡೆ. ಎರಡು ಸಲ ಹುಲ್ಲು ಹೊಡೆದ ಮೇಲೆ, ಈ ಸಲ ಬುದ್ಧಿ ಬಂದಿತ್ತಲ್ಲ, ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಕಡೆಯ ಕೊಳವೆಯಲ್ಲಿ ಬೆರಳಾಡಿಸಿದೆ. ಬೆರಳಿಗೆ ಕೆಮ್ಮಣ್ಣು. ಕಾಗದ ಗಟ್ಟಿಯಾಗಿಯೇ ಇತ್ತು, ಅಂಚಿನ ರಬ್ಬರು ಮಾತ್ರ ಕೂದಲೆಳೆಯಷ್ಟು ಗಿಡ್ಡ. ಧೂಳು ಕಾಗದದ ತಂಟೆಗೇ ಹೋಗದೆ ಪಕ್ಕದ ಸಂದಿಯಲ್ಲಿ ನುಗ್ಗಿತ್ತು. ಅಂದಿನಿಂದ ಅಂಗಡಿಗೆ ಹೋಗುವಾಗ ಹಳೆಯದನ್ನು ಕವರಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಎತ್ತರ, ಒಳತೂತಿನ ಅಗಲ, ರಬ್ಬರಿನ ದಪ್ಪ, ಮೂರನ್ನೂ ಅಲ್ಲೇ ಪಕ್ಕಪಕ್ಕ ಇಟ್ಟು ನೋಡದೆ ದುಡ್ಡು ಕೊಡುವುದಿಲ್ಲ.

ಪಂಕ್ಚರ್ ಅಂಗಡಿ ಹುಡುಗ ಈಗಲೂ ಕಂಡಾಗಲೆಲ್ಲ, "ಅಣ್ಣ, ಗಾಳಿ ಹೊಡ್ಕೊಡ್ಲಾ?" ಅಂತ ಕರೆಯುತ್ತಾನೆ. ಸ್ಕೂಟರಿನ ಹಿಂದಿನ ಟೈರು ತೋರಿಸುತ್ತೇನೆ.