ಬೆಟ್ಟ ಹತ್ತಿಳಿದ ಕಾಲಿಗೆ ಎಣ್ಣೆ ಹಚ್ಚುವುದು ಹೀಗೆ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕಾಲು ಸುಮ್ನಿರುತ್ತದೆ. ನೋವು ಗೊತ್ತಾಗುವುದು ಇಳಿದ ಮೇಲೆ. ಮನೆ ಸೇರುವಷ್ಟರಲ್ಲಿ ಮೀನಖಂಡ ಕಲ್ಲಾಗಿರುತ್ತದೆ, ಅಂಗಾಲು ಉರಿಯುತ್ತಿರುತ್ತದೆ. ಇದಕ್ಕೆ ಪಾರ್ಲರ್ ಬೇಕಿಲ್ಲ. ಎರಡು ಚಮಚ ಎಣ್ಣೆ, ಒಂದು ಹಳೇ ಟವೆಲ್, ಅವಸರವಿಲ್ಲದ ಎರಡು ಕೈ ಸಾಕು.

ಮೊದಲು ಬೆಟ್ಟ ಹತ್ತಿ ಬಂದವರ ಕಾಲು ನೋಡಿ. ಗಾಯ, ಊತ, ಉಬ್ಬಿದ ನರ ಇದ್ದರೆ ಒತ್ತಬೇಡಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮಸಾಜ್ ಮಾಡಲೇಬೇಡಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ಇಳಿಬಿಡಲಿ. ಶುಗರ್ ಇರುವವರಿಗೆ ಪಾದದಲ್ಲಿ ಬಿಸಿ ಸರಿಯಾಗಿ ಗೊತ್ತಾಗದೆ ಹೋಗಬಹುದು. ಹಾಗಾಗಿ ನೀರಿನ ಬಿಸಿಯನ್ನು ನೀವೇ ಮೊಣಕೈಯಿಂದ ನೋಡಿ. ಆಮೇಲೆ ಬೆರಳ ಸಂದಿಯೂ ಒಣಗುವ ಹಾಗೆ ಒರೆಸಿ.

ಎಣ್ಣೆ ಯಾವುದು? ನನ್ನ ಓಟು ಎಳ್ಳೆಣ್ಣೆಗೆ. ಕೊಬ್ಬರಿ ಎಣ್ಣೆಯೂ ಆದೀತು. ಬರೀ ಹರಳೆಣ್ಣೆ ಜಾಸ್ತಿ ಅಂಟು, ಕೈ ಜಾರುವುದೇ ಇಲ್ಲ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ.

ಅವರು ಕುರ್ಚಿಯಲ್ಲಿ, ನೀವು ಮಣೆ ಮೇಲೆ. ತೊಡೆ ಮೇಲೆ ಟವೆಲ್ ಹಾಸಿ ಪಾದ ಇಟ್ಟುಕೊಳ್ಳಿ. ನಾನು ಮೊದಲ ಸಲ ಕೂತಾಗ ಹೆಂಡತಿ ಕಾಲು ಎಳೆದುಕೊಂಡು, "ಅಯ್ಯೋ ಬಿಡಿ, ನೀವು ನನ್ನ ಕಾಲು ಹಿಡಿಯೋದಾ!" ಅಂದಿದ್ದಳು. ಈಗ ಎಣ್ಣೆ ಬಟ್ಟಲು ಅವಳೇ ತಂದಿಡುತ್ತಾಳೆ.

ಮೊದಲು ಎರಡೂ ಅಂಗೈಯಲ್ಲಿ ಪಾದವನ್ನು ಹಿಡಿದು ಬೆರಳಿನಿಂದ ಕಣಕಾಲಿನ ತನಕ ನಿಧಾನಕ್ಕೆ ನೀವಿ. ಮೆಲ್ಲಗೆ ಸವರಿದರೆ ಕಚಗುಳಿ ಆಗುತ್ತದೆ, ಪೂರಾ ಅಂಗೈ ಊರಬೇಕು.

ಅಸಲಿ ಕೆಲಸ ಅಂಗಾಲಿನದು. ಎರಡೂ ಹೆಬ್ಬೆರಳನ್ನು ಹಿಮ್ಮಡಿಯ ಮುಂದೆ ಊರಿ, ಬೆರಳಿನ ಕಡೆಗೆ ಇಂಚಿಂಚಾಗಿ ಒತ್ತುತ್ತಾ ಹೋಗಿ. ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವೆ ಒಂದು ದಪ್ಪ ಪಟ್ಟಿ ಇದೆ. ಕಾಲಿನ ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿದರೆ ಅದು ತಂತಿಯಂತೆ ಬಿಗಿದು ಕೈಗೆ ಸಿಗುತ್ತದೆ. ದಿನವಿಡೀ ಭಾರ ಹೊರುವುದರಲ್ಲಿ ಅದರ ಪಾಲು ದೊಡ್ಡದು. ಬೆರಳನ್ನು ಸಡಿಲ ಬಿಟ್ಟು ಅಲ್ಲಿ ಐದಾರು ಸಲ ಉಜ್ಜಿ. "ಹಾಂ, ಅಲ್ಲೇ" ಅಂದ ಕಡೆ ಸ್ವಲ್ಪ ಹೊತ್ತು ನಿಲ್ಲಿ. ಮುಖ ಕಿವುಚಿದರೆ ಒತ್ತು ಕಡಿಮೆ ಮಾಡಿ. ಹಿಮ್ಮಡಿಯ ಚರ್ಮ ದಪ್ಪ, ಅಲ್ಲಿ ಮುಷ್ಟಿಯ ಗೆಣ್ಣು ಬಳಸಬಹುದು.

ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ, ಸ್ವಲ್ಪ ಎಳೆದು ಬಿಡಿ. ನೆಟಿಗೆ ಬರಲೇಬೇಕು ಅಂತ ಹಟ ಬೇಡ. ಒಂದು ಪಾದದಲ್ಲಿ 26 ಮೂಳೆಗಳಿವೆ, ಬಲ ಪ್ರಯೋಗಿಸುವ ಜಾಗ ಅಲ್ಲ. ಕಾಲುಂಗುರ ತೆಗೆಯಲು ಮನಸ್ಸಿಲ್ಲದಿದ್ದರೆ ಇರಲಿ, ಅದರ ಸುತ್ತ ಒತ್ತಿ.

ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ನೀವಿದರೆ ಮುಗಿಯಿತು. ಒಂದು ಕಾಲಿಗೆ ಹತ್ತು ನಿಮಿಷ ಸಾಕು, ಇನ್ನೊಂದಕ್ಕೂ ಅಷ್ಟೇ ಕೊಡಿ.

ಕೊನೆಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಅಂಗಾಲಿನ ಎಣ್ಣೆ ಪೂರ್ತಿ ಒರೆಸಿ. ನಮ್ಮದು ಹಳೇ ಕಾಲದ ರೆಡ್ ಆಕ್ಸೈಡ್ ನೆಲ. ಒಮ್ಮೆ ಒರೆಸದೆ ಎದ್ದು ಹೊರಟ ನಾನು ಅಡುಗೆಮನೆ ಬಾಗಿಲಲ್ಲಿ ಜಾರಿ ಬಿದ್ದು, ಆಮೇಲೆ ವಾರವಿಡೀ ಸೊಂಟಕ್ಕೂ ಎಣ್ಣೆ ಹಚ್ಚಿಸಿಕೊಂಡೆ.