ಬೈಪಾಸ್ ಆದವರ ಕಾಲಿನ ಗಾಯ ನೋಡಿಕೊಳ್ಳುವುದು ಹೇಗೆ?

ಸಕ್ಕರೆ ಕಾಯಿಲೆ ಇದ್ದು, ಹೃದಯದ ಹಲವು ರಕ್ತನಾಳಗಳು ಕಟ್ಟಿಕೊಂಡಿದ್ದರೆ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಬಲೆಕೊಳವೆ ಕೂರಿಸುವುದಕ್ಕಿಂತ, ಬೇರೆ ನಾಳ ಜೋಡಿಸುವ ಬೈಪಾಸ್ ಆಪರೇಷನ್ ಒಳ್ಳೆಯದೆಂದು 2012ರ ಫ್ರೀಡಂ ಎಂಬ ಅಧ್ಯಯನ ತೋರಿಸಿತು. ಬದಿಯಡ್ಕ, ಕುಂಬಳೆ ಕಡೆಯಿಂದ ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರ ಮನೆಗಳಲ್ಲಿ ಎಲ್ಲರ ಕಣ್ಣೂ ಎದೆಯ ಮೇಲೆ. ಕಾಲನ್ನು ಯಾರೂ ನೋಡುವುದಿಲ್ಲ.

ನಮ್ಮ ದೊಡ್ಡಪ್ಪನಿಗೂ ಹಾಗೇ ಆಯಿತು. ಹೃದಯಕ್ಕೆ ಜೋಡಿಸಲು ಕಾಲಿನಿಂದ ರಕ್ತನಾಳ ತೆಗೆದಿದ್ದರು. ಯಾರೋ ಹೇಳಿದರೆಂದು ಆ ಗಾಯಕ್ಕೆ ಅರಸಿನ, ತೆಂಗಿನೆಣ್ಣೆ ಹಚ್ಚಿದೆವು. ಹತ್ತನೇ ದಿನ ಪಂಚೆ ಸರಿಸಿದರೆ ಹೊಲಿಗೆ ಬಿಟ್ಟಿತ್ತು, ಬಟ್ಟೆಗೆ ಕೀವು ಅಂಟಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಸಕ್ಕರೆಯಿಂದ ಕಾಲಿನ ನರ ಮರಗಟ್ಟಿದರೆ ಹೀಗಾಗುತ್ತದೆ. ಅದಕ್ಕೇ, ನೋವಿದೆಯಾ ಅಂತ ಕೇಳಿ ಸುಮ್ನಾಗಬೇಡಿ, ಕಣ್ಣಿಂದ ನೋಡಿ.

ಮೊದಲು ನಿಮ್ಮ ಕೈ ಸೋಪು ಹಾಕಿ ತೊಳೆಯಿರಿ. ಕೋಣೆಯ ಮಂದ ದೀಪ ಸಾಲದು, ಅವರನ್ನು ಜಗಲಿಯ ಬೆಳಕಿಗೆ ಕರೆತನ್ನಿ. ಸ್ನಾನಕ್ಕೆ ಡಾಕ್ಟರು ಒಪ್ಪಿದ ಮೇಲೆ ಗಾಯದ ಮೇಲೆ ಉಗುರುಬೆಚ್ಚಗಿನ ನೀರು ಹರಿಸಿ, ಮೆದು ಸೋಪಿನ ನೊರೆ ಸಾಕು. ಒಗೆದು ಬಿಸಿಲಲ್ಲಿ ಒಣಗಿಸಿದ ಬೈರಾಸನ್ನು ಮೆಲ್ಲ ಒತ್ತಿ ನೀರು ತೆಗೆಯಿರಿ. ಉಜ್ಜಲೇಬೇಡಿ. ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ತೇವ ಉಳಿಯುತ್ತದೆ, ಅಲ್ಲಿ ಎರಡು ಸಲ ಒತ್ತಿ. ಡಾಕ್ಟರು ಬರೆದುಕೊಡದ ಪುಡಿ, ಮುಲಾಮು ಯಾವುದೂ ಬೇಡ. ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ದಿನಾ ಅದೇ ಜಾಗದಿಂದ. ನಿನ್ನೆಯದರ ಪಕ್ಕ ಇಟ್ಟು ನೋಡಿದರೆ ಕೆಂಪು ಹರಡಿದ್ದು ಕೂಡಲೇ ಗೊತ್ತಾಗುತ್ತದೆ. ಪಾದದ ಅಡಿ, ಬೆರಳ ಸಂದು ಕೂಡ ನೋಡಿಬಿಡಿ.

ಕೂತಾಗ ಕಾಲು ಇಳಿಬಿಡದೆ ಸ್ಟೂಲಿನ ಮೇಲಿರಲಿ, ಬಾವು ಇಳಿಯುತ್ತದೆ.

ಸಕ್ಕರೆ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಪರೀಕ್ಷೆ ಮಾಡಿ. ಮಾವಿನಹಣ್ಣು ಮುಟ್ಟಿದ ಕೈಯನ್ನು ತೊಳೆಯದೆ ಚುಚ್ಚಿದರೆ ಮೀಟರ್ ಸುಳ್ಳು ಲೆಕ್ಕ ತೋರಿಸುತ್ತದೆ. ಇನ್ನು ಮೂರು ಹೊತ್ತೂ ಬರೀ ಗಂಜಿ ಕೊಡುವುದನ್ನು ದಯವಿಟ್ಟು ಬಿಡಿ. ಗಂಜಿ ಕಡಿಮೆ ಮಾಡಿ, ಜೊತೆಗೆ ಹೆಸರುಕಾಳೋ ಮೊಟ್ಟೆಯೋ ಬೂತಾಯಿ ಮೀನಿನ ಸಾರೋ ಇರಲಿ. ಗಾಯ ಕೂಡಲು ಪ್ರೋಟೀನ್ ಬೇಕು.

ಆಪರೇಷನ್ನಿಗೆ ಕತ್ತರಿಸಿದ ಎದೆಯ ಮೂಳೆ ಕೂಡಲು ಆರರಿಂದ ಎಂಟು ವಾರವಾದರೂ ಬೇಕು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ಕೊಡಪಾನ ಎತ್ತುವುದು ಬೇಡವೇ ಬೇಡ.

ಗಾಯ ಬಿಸಿಯಾದರೆ, ವಾಸನೆ ಬಂದರೆ, ಕೀವು ಕಂಡರೆ, ಜ್ವರ 100.4 ಡಿಗ್ರಿ ದಾಟಿದರೆ, ಕೆಮ್ಮಿದಾಗ ಎದೆಯಲ್ಲಿ ಕಟಕ್ ಅಂದರೆ ಅವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಹೋಗುವಾಗ ಆ ಫೋಟೋಗಳನ್ನೂ ತೋರಿಸಿ.