ಥಾಮಸ್‌ನ ಕಣ್ಣು ಕೊನೆಗೂ ಹೊರಳಿತು: ನನ್ನ ಅನುಭವ

ಥಾಮಸ್ ಅಂದರೆ ಮಕ್ಕಳ ಟಿವಿ ಸರಣಿಯ, ಮುಖವಿರುವ ರೈಲು ಎಂಜಿನ್. ಗೇಜ್ 1 ಅನ್ನುವ ದೊಡ್ಡ ಅಳತೆಯ ಮಾಡೆಲ್ ಥಾಮಸ್‌ಗೆ ರಿಮೋಟಿನಿಂದ ಹೊರಳುವ ಕಣ್ಣು ಕೂರಿಸುತ್ತೇನೆ ಅಂದಾಗ ನಮ್ಮ ಮಾಡೆಲ್ ಕ್ಲಬ್ಬಿನ ಹಿರಿಯರು ನಂಬಲಿಲ್ಲ. ಬಾಯ್ಲರ್ ಒಳಗೆ ಸರ್ವೋಗೆ, ಅಂದರೆ ಕಣ್ಣು ತಿರುಗಿಸುವ ಪುಟ್ಟ ಮೋಟಾರಿಗೆ, ಜಾಗವೇ ಇಲ್ಲ ಅಂದರು. ಹೋದ ತಿಂಗಳು ಅವರೇ ರಿಮೋಟ್ ಹಿಡಿದುಕೊಂಡು ಅರ್ಧ ಗಂಟೆ ಕೊಡಲಿಲ್ಲ.

ನಾನು ಮೈಸೂರಿನವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಮಗಳಿಗೆ ಥಾಮಸ್‌ನ ಹಳೇ ಕಂತುಗಳೇ ಇಷ್ಟ, 1984ರಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ದನಿಯಲ್ಲಿ ಶುರುವಾದವು. ಆಗ ಎಲ್ಲಾ ನಿಜವಾದ ಮಾಡೆಲ್‌ಗಳು. ಕಂಪ್ಯೂಟರ್ ಥಾಮಸ್ ಬಂದದ್ದು ಆಮೇಲೆ. ನಗುವಿಗೊಂದು, ಸಿಟ್ಟಿಗೊಂದು ಅಂತ ಮುಖವನ್ನೇ ಬಿಚ್ಚಿ ಬೇರೆ ಹಾಕುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ, ಕಣ್ಣು ಮಾತ್ರ ಹೊರಳುತ್ತಿತ್ತು. ಅಷ್ಟರಲ್ಲೇ ಮಗುವಿಗೆ ಎಲ್ಲಾ ಅರ್ಥವಾಗುತ್ತಿತ್ತು, ಅಲ್ವಾ?

ಮುಖಕ್ಕೇ ನಾಲ್ಕು ತಿಂಗಳು ಹೋಯಿತು. ಜೇಡಿಯಲ್ಲಿ ತಿದ್ದಿ, ಸಿಲಿಕೋನ್ ಅಚ್ಚು ತೆಗೆದು, ಅದಕ್ಕೆ ರೆಸಿನ್ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸುರಿದೆ. ಮೊದಲ ಆರೇಳು ಮುಖ ಕಸದ ಬುಟ್ಟಿಗೆ. ಜನವರಿಯ ಗ್ಯಾರೇಜ್ ಚಳಿಗೆ ರೆಸಿನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಿತು. ಮನೆಯೊಳಗೆ ಮಾಡೋಣ ಅಂದರೆ ವಾಸನೆ, ಹೆಂಡತಿ ಒಪ್ಪಲಿಲ್ಲ. ಕೊನೆಗೆ ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು, ಅಚ್ಚನ್ನೂ ಬೆಚ್ಚಗೆ ಮಾಡಿ ಸುರಿದೆ. ಮೂಗಿನ ತುದಿಯ ಗುಳ್ಳೆಯೂ ಹೋಯಿತು.

ಇನ್ನು ಜಾಗದ ಮಾತು. ಸರ್ವೋವನ್ನು ಮುಖದ ಹಿಂದೆಯೇ ಇಡಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು, ಎರಡು ಸಲ ನಾನೂ ಹಾಗೇ ಮಾಡಿ ಕೆಟ್ಟೆ. ಥಾಮಸ್ ಟ್ಯಾಂಕ್ ಎಂಜಿನ್, ಅಂದರೆ ನೀರನ್ನು ತನ್ನ ಮೈಮೇಲೇ ಹೊರುವಂಥದ್ದು. ಮಾಡೆಲ್‌ನಲ್ಲಿ ಪಕ್ಕದ ಎರಡೂ ನೀರಿನ ಟ್ಯಾಂಕ್ ಖಾಲಿ ಡಬ್ಬಿ! ಒಂದರಲ್ಲಿ ಚಿಕ್ಕ ಸರ್ವೋ, ಇನ್ನೊಂದರಲ್ಲಿ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಮತ್ತು ಬ್ಯಾಟರಿ. ಅಲ್ಲಿಂದ ತೆಳು ಉಕ್ಕಿನ ತಂತಿ ಮುಂದಕ್ಕೆ. ಎರಡೂ ಕಣ್ಣುಗುಡ್ಡೆಯ ಹಿಂದೆ ಒಂದೊಂದು ಪಿನ್, ಅವನ್ನು ಸೇರಿಸಲು ಹಿತ್ತಾಳೆ ಪಟ್ಟಿ. ಗುಡ್ಡೆಗೂ ಗುಳಿಗೂ ನಡುವೆ ಏನು ಹಚ್ಚುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ.

ಮೊದಲು ಹಳಿಯ ಕರೆಂಟನ್ನೇ ಸರ್ವೋಗೂ ಕೊಟ್ಟಿದ್ದೆ. ಹಳಿಯಲ್ಲಿ ಸ್ವಲ್ಪ ಕೊಳೆ ಇದ್ದರೂ ಕಣ್ಣು ಪಟಪಟ ಅದುರುತ್ತಿತ್ತು. ಮಗಳು ಹೆದರಿ ಅತ್ತಳು. ಆಮೇಲೆ ಬೇರೆ ಬ್ಯಾಟರಿ ಹಾಕಿದೆ, ಎಂಜಿನ್ ಓಡಿಸುವ ಮೋಟಾರಿಗೆ ವಿದ್ಯುತ್ ಗದ್ದಲ ತಗ್ಗಿಸುವ ಕೆಪಾಸಿಟರ್ ಕೂರಿಸಿದೆ. ಅದುರುವುದು ನಿಂತಿತು.

ನಡುವೆ ಹೊಗೆ ಬಿಡಿಸಲೂ ನೋಡಿದೆ. ಹೊಗೆ ಎಣ್ಣೆ ತೆಳ್ಳಗೆ ಕಣ್ಣಿನ ಮೇಲೆ ಕೂತು ನೋಟವೇ ಮಂಕಾಯಿತು. ಬಿಸಿಗೆ ಒಂದು ಕೆನ್ನೆಯೂ ಸೊಟ್ಟಗಾಯಿತು. ಸದ್ಯಕ್ಕೆ ಹೊಗೆ ಬಿಟ್ಟಿದ್ದೇನೆ.

ಖರ್ಚು? ಹಳೇ ಚಾಸಿಗೆ (ಎಂಜಿನ್ನಿನ ಚಕ್ರವಿರುವ ಅಡಿಭಾಗ) ಸುಮಾರು 180 ಪೌಂಡ್. ರೆಸಿನ್, ಸಿಲಿಕೋನ್ ಸೇರಿ 90 ದಾಟಿತು, ಅದರಲ್ಲಿ ಅರ್ಧ ದಂಡ. ಸರ್ವೋ, ರಿಸೀವರ್, ಸುಟ್ಟುಹೋದ ಎರಡು ಸರ್ವೋ ಎಲ್ಲಾ ಸೇರಿ 60 ಇರಬಹುದು. ಬಣ್ಣದ ಲೆಕ್ಕ ಇಟ್ಟಿಲ್ಲ.

ಓಡಿಸುವಾಗ ಒಂದು ಗೊತ್ತಾಯಿತು. ಎಂಜಿನ್ ಹೊರಡುವ ಮೊದಲೇ ಕಣ್ಣು ಆ ಕಡೆ ಹೋಗಬೇಕು, ಅರ್ಧ ಸೆಕೆಂಡ್ ಸಾಕು. ಆಗ ಅವನೇ ಯೋಚಿಸಿ ಹೊರಟ ಹಾಗೆ ಕಾಣುತ್ತದೆ. ಎರಡೂ ಒಟ್ಟಿಗೆ ಆದರೆ ಸುಮ್ನೆ ಆಟಿಕೆ.

ಈಗ ಮಗಳಿಗೆ ಅಶಿಮಾ ಬೇಕಂತೆ, 2016ರ ಥಾಮಸ್ ಚಿತ್ರದಲ್ಲಿ ಬಂದ ನಮ್ಮ ಊಟಿ ರೈಲಿನ ಎಂಜಿನ್. ಚಿಕ್ಕವನಿದ್ದಾಗ ಆ ರೈಲಿನಲ್ಲಿ ಕೂತವನು ನಾನು, ಬೇಡ ಅನ್ನಲು ಆಗಲಿಲ್ಲ. ಜೇಡಿ ಕಲಸಿಟ್ಟಿದ್ದೇನೆ. ಅಶಿಮಾಳ ಮೈತುಂಬಾ ಇರುವ ಚಿತ್ತಾರವನ್ನು ಕೈಯಲ್ಲೇ ಬಿಡಿಸಬೇಕು.